ಊಟವಾದ ಮೇಲೆ ಸೀಬೆಹಣ್ಣು, ಗಂಟೆ ಕಳೆದ ಮೇಲೆ ಕಾಫಿ

ಆಯುಧಪೂಜೆಯ ಬೂದುಗುಂಬಳದ ಚೂರುಗಳು ರಸ್ತೆಯಿಂದ ಮಾಯವಾಗುವ ಹೊತ್ತಿಗೆ ಮೈಸೂರಿನ ಮನೆಮನೆಯಲ್ಲೂ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. ಹಸ್ತ, ಚಿತ್ತೆ, ಸ್ವಾತಿ ಅಂತ ಹಿಂಗಾರು ಮಳೆ ಒಂದರ ಹಿಂದೊಂದು ಬರುತ್ತದೆ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಸುರಿಮಳೆ, ಬೆಳಗಿನ ಜಾವ ಚಳಿ. ಚರಂಡಿ, ಹೂಕುಂಡ, ಹಳೇ ಟೈರುಗಳಲ್ಲಿ ನಿಂತ ನೀರಲ್ಲಿ ಸೊಳ್ಳೆ ಮರಿ. ದಸರೆಯ ನೂಕುನುಗ್ಗಲಲ್ಲಿ ಒಬ್ಬರ ಸೀನು ಹತ್ತು ಜನರ ಪಾಲಾಗಿರುತ್ತದೆ. ಹಿಂದಿನವರು ‘ವೈದ್ಯಾನಾಂ ಶಾರದೀ ಮಾತಾ, ಪಿತಾ ತು ಕುಸುಮಾಕರಃ’ ಎಂದು ಚೇಷ್ಟೆ ಮಾಡಿದ್ದಾರೆ. ವೈದ್ಯರಿಗೆ ಶರದೃತುವೇ ತಾಯಿಯಂತೆ, ವಸಂತ ತಂದೆಯಂತೆ. ಇಬ್ಬರೂ ಸೇರಿ ಸಾಕುತ್ತಾರೆ.

ಇದೇ ಹೊತ್ತಿಗೆ ಮೊಬೈಲಿನಲ್ಲಿ ಕಷಾಯದ ಪಟ್ಟಿಗಳೂ ಶುರುವಾಗುತ್ತವೆ. ಇದನ್ನು ಕುಡಿದರೆ ರೋಗನಿರೋಧಕ ಶಕ್ತಿ ದುಪ್ಪಟ್ಟು, ಅದನ್ನು ತಿಂದರೆ ನೆಗಡಿ ಹತ್ತಿರ ಸುಳಿಯುವುದಿಲ್ಲ ಎಂಬಂಥವು. ಅವುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ, ಆದರೆ ನಮ್ಮ ಗಮನವನ್ನು ತಪ್ಪು ಕಡೆ ತಿರುಗಿಸುತ್ತವೆ. ಒಂದು ಲೋಟ ಕಷಾಯದಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳುವವರು, ದಿನಕ್ಕೆ ಎರಡು ಹೊತ್ತು ಉಣ್ಣುವ ಮುದ್ದೆ–ಸಾರಿನಲ್ಲಿರುವ ಸತ್ವ ಮೈಗೆ ಹತ್ತುತ್ತಿದೆಯೇ ಎಂದು ಕೇಳಿಕೊಳ್ಳುವುದಿಲ್ಲ. ನನ್ನ ಪ್ರಕಾರ ಮಂಡ್ಯ, ಮೈಸೂರು ಕಡೆಯ ಅಡುಗೆಗೆ ಹೊಸದಾಗಿ ಸೇರಿಸಬೇಕಾದ್ದು ಬಹಳ ಕಡಿಮೆ. ಯಾವುದರ ಜೊತೆ ಯಾವುದನ್ನು, ಯಾವಾಗ ತಿನ್ನುತ್ತೇವೆ ಎಂಬುದರಲ್ಲೇ ಅರ್ಧ ಕೆಲಸ ಇದೆ.

ಶಕ್ತಿ ಹೆಚ್ಚಿಸುವುದು ಎಂದರೇನು

ರೋಗನಿರೋಧಕ ವ್ಯವಸ್ಥೆ ದೇಹದಲ್ಲಿ ಒಂದೇ ಕಡೆ ಕೂತಿರುವ ಅಂಗವಲ್ಲ. ಚರ್ಮ, ಮೂಗು ಗಂಟಲಿನ ಒಳಪೊರೆ, ಅದರ ಮೇಲಿನ ಲೋಳೆ, ಹೊಟ್ಟೆಯ ಆಮ್ಲ, ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳು, ಅವು ತಯಾರಿಸುವ ಪ್ರತಿಕಾಯಗಳು, ಇವೆಲ್ಲ ಸೇರಿದ್ದು ಅದು. ಹೊಸ ವೈರಸ್ಸೊಂದು ಒಳಗೆ ಬಂದಾಗ ಅದನ್ನು ಗುರುತಿಸುವ ಕೆಲವೇ ಕಣಗಳು ದಿನಗಳ ಲೆಕ್ಕದಲ್ಲಿ ಸಾವಿರ ಸಾವಿರವಾಗಿ ಒಡೆದು ಹೆಚ್ಚಬೇಕು. ಹಾಗೆ ಹೆಚ್ಚಲು ಪ್ರೋಟೀನು ಬೇಕು, ಕಬ್ಬಿಣ ಬೇಕು, ಸತು ಬೇಕು, ಫೋಲೇಟ್ ಬೇಕು. ಪ್ರತಿಕಾಯಗಳಂತೂ ಪ್ರೋಟೀನಿನಿಂದಲೇ ಆದವು. ಮೂಗು, ಗಂಟಲು, ಶ್ವಾಸನಾಳ, ಕರುಳುಗಳ ಒಳಪೊರೆ ಬಿರುಕಿಲ್ಲದೆ ಇರಲು ವಿಟಮಿನ್ ಎ ಬೇಕು. ಜ್ವರ ಬಂದಾಗ ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಸುಮಾರು ಶೇ 10ಕ್ಕೂ ಹೆಚ್ಚು ಏರುತ್ತದೆ. ಎರಡು ದಿನದ ಜ್ವರಕ್ಕೇ ಮೈ ಸೋತು ಹೋಗುವುದು ಅದಕ್ಕೇ.

ಈ ವ್ಯವಸ್ಥೆ ಅತಿಯಾಗಿ ಚುರುಕಾಗುವುದೂ ಒಳ್ಳೆಯದಲ್ಲ. ಅಲರ್ಜಿ, ಕೆಲವು ಬಗೆಯ ಸಂಧಿವಾತ, ಸೋರಿಯಾಸಿಸ್, ಇವೆಲ್ಲ ಅದು ಬೇಡದ ಕಡೆ ಕೈ ಮಾಡಿದಾಗ ಬರುವ ತೊಂದರೆಗಳು. ಹಾಗಾಗಿ ಅದನ್ನು ಏರಿಸಬೇಕು ಎನ್ನುವ ಮಾತೇ ಅಷ್ಟು ಸರಿಯಲ್ಲ. ಚೆನ್ನಾಗಿ ಉಣ್ಣುವವರಿಗೆ ಮತ್ತಷ್ಟು ತುಂಬಿಸಿದರೆ ಲಾಭವಿಲ್ಲ. ಕೊರತೆ ಇರುವವರಿಗೆ ಆ ಕೊರತೆ ತುಂಬಿಸಿದರೆ ಲಾಭ ದೊಡ್ಡದು. ದಡಾರ ಬಂದ ಮಕ್ಕಳಿಗೆ ವಿಟಮಿನ್ ಎ ಕೊಡುವುದೂ, ನಮ್ಮ ಸರ್ಕಾರ 9 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಅದೇ ಹನಿಯನ್ನು ಹಾಕಿಸುವುದೂ ಈ ಕಾರಣಕ್ಕೇ.

ಕೊರತೆ ನಮ್ಮ ಮನೆಗಳಲ್ಲಿ ಇದೆಯೇ? ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರ ಕತೆ ಇದೇ. ರಕ್ತಹೀನತೆಗೆ ಬೇರೆ ಕಾರಣಗಳೂ ಇವೆ, ಆದರೆ ಕಬ್ಬಿಣದ ಕೊರತೆಯದೇ ದೊಡ್ಡ ಪಾಲು. ಆದ್ದರಿಂದ ಕಬ್ಬಿಣದ ವಿಚಾರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡುತ್ತೇನೆ. ಉಳಿದವುಗಳ ದಾರಿಯೂ ಸುಮಾರಾಗಿ ಹಾಗೇ ಇದೆ.

ಮುದ್ದೆಯಲ್ಲಿ ಇದೆ, ಆದರೆ ಬಿಡುವುದಿಲ್ಲ

ರಾಗಿ ಎಂದರೆ ಮಂಡ್ಯದವರಿಗೆ ಹೆಮ್ಮೆ. ಇಂಡೋ–ಆಫ್ರಿಕನ್ ತಳಿಗಳನ್ನು ಬೆರೆಸಿ ‘ಇಂಡಾಫ್’ ರಾಗಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂನಲ್ಲಿ ಮೂರನೇ ಒಂದು ಪಾಲು ಒಂದೇ ಮುದ್ದೆಯಲ್ಲಿ ಬಂತು. ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ.

ಕಬ್ಬಿಣದ ವಿಷಯಕ್ಕೆ ಬಂದರೆ ಅಷ್ಟು ಸಲೀಸಲ್ಲ. ನೂರು ಗ್ರಾಂಗೆ 4 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಕಬ್ಬಿಣವೇನೋ ಇದೆ. ಆದರೆ ರಾಗಿಯ ಕೆಂಪು ಸಿಪ್ಪೆಯಲ್ಲಿರುವ ಟ್ಯಾನಿನ್, ಕಾಳಿನಲ್ಲಿರುವ ಫೈಟೇಟ್ ಎರಡೂ ಅದನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರಬೇಕಾದ್ದು ಹಾಗೇ ಮುಂದೆ ಹೋಗಿಬಿಡುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣದ ಪಾಡೂ ಅಷ್ಟೇ. ಸಸ್ಯಗಳಲ್ಲಿರುವ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ, ಕರುಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪವನ್ನು. ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಕೆಲಸವನ್ನು ಸಲೀಸಾಗಿ ಮಾಡುವುದು ವಿಟಮಿನ್ ಸಿ. ಅದೂ ಅದೇ ಊಟದ ಜೊತೆ ಹೊಟ್ಟೆಯಲ್ಲಿದ್ದರೆ ಮಾತ್ರ. ಬೆಳಿಗ್ಗೆ ಕುಡಿದ ನಿಂಬೆ ನೀರು ಮಧ್ಯಾಹ್ನದ ಮುದ್ದೆಗೆ ಕೆಲಸಕ್ಕೆ ಬರುವುದಿಲ್ಲ.

ಈಗ ಉಪ್ಸಾರನ್ನು ನೋಡಿ. ಅಲಸಂದೆಯನ್ನೋ ಹುರುಳಿಯನ್ನೋ ಮುಕ್ಕಾಲು ಬೇಯಿಸಿ, ಅದಕ್ಕೆ ದಂಟಿನ ಸೊಪ್ಪನ್ನೋ ಕೀರೆ ಸೊಪ್ಪನ್ನೋ ಹಾಕಿ, ಉಪ್ಪು ಬೆರೆಸಿ ಬೇಯಿಸುತ್ತಾರೆ. ಸೊಪ್ಪು ಕುಸಿದು ಬಣ್ಣ ಕಪ್ಪಿಗೆ ತಿರುಗುವ ಮೊದಲೇ ಒಲೆ ಆರಿಸಿ ಕಟ್ಟು ಬಸಿಯುತ್ತಾರೆ. ಆ ಕಟ್ಟೇ ಉಪ್ಸಾರು. ಸೊಪ್ಪು–ಕಾಳು ಒಗ್ಗರಣೆ ಹಾಕಿಸಿಕೊಂಡು ಪಲ್ಯವಾಗುತ್ತದೆ. ಪಕ್ಕದಲ್ಲಿ ಖಾರ: ಸುಟ್ಟ ಮೆಣಸಿನಕಾಯಿ, ಜೀರಿಗೆ, ಕರಿಮೆಣಸು, ಹಸಿ ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಇಷ್ಟನ್ನೂ ಒರಳಲ್ಲಿ ತರಿತರಿ ಅರೆದದ್ದು. ತಟ್ಟೆಯ ಅಂಚಿಗೆ ಖಾರ ಇಟ್ಟುಕೊಂಡು, ಬೇಕಾದಷ್ಟನ್ನೇ ಬೆರಳಲ್ಲಿ ಕಟ್ಟಿಗೆ ಕದಡಿಕೊಂಡು ಮುದ್ದೆ ಅದ್ದಿ ನುಂಗಬೇಕು. ನಿಂಬೆಹಣ್ಣು ಹಿಂಡಿಕೊಳ್ಳುವುದು ಅವರವರ ರೂಢಿ.

ಇಡೀ ಕ್ರಮದಲ್ಲಿ ನನಗೆ ಬಲು ಇಷ್ಟವಾಗುವುದು ಬೇಯಿಸಿದ ನೀರನ್ನು ಚೆಲ್ಲದಿರುವುದು. ಫೋಲೇಟ್‌ನಂಥ ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಎಲ್ಲ ಬೇಯುವಾಗ ನೀರಿಗಿಳಿಯುತ್ತವೆ. ಸೊಪ್ಪು ಬೇಯಿಸಿ ನೀರು ಚೆಲ್ಲಿ ಹಿಂಡುವ ಅಡುಗೆಗಳಲ್ಲಿ ಅವು ಸಿಂಕಿನ ಪಾಲು. ನಮ್ಮಲ್ಲಿ ಅದೇ ಸಾರು. ಬಸ್ಸಾರಿನದೂ ಇದೇ ಲೆಕ್ಕ.

ಬೆಳ್ಳುಳ್ಳಿಯದು ಇನ್ನೂ ಸ್ವಾರಸ್ಯ. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾಲಯ, ಧಾನ್ಯ ಮತ್ತು ಕಾಳುಗಳ ಕಬ್ಬಿಣ, ಸತು ಎಷ್ಟು ಬಿಡುಗಡೆಯಾಗುತ್ತವೆ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದೆ. ಬೆಳ್ಳುಳ್ಳಿ, ಈರುಳ್ಳಿ ಜೊತೆಗಿದ್ದರೆ ಅವು ಹೆಚ್ಚು ಬಿಡುಗಡೆಯಾಗುತ್ತವೆ ಎಂದು ಅಲ್ಲಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಹೊಟ್ಟೆ, ಕರುಳಿನ ರಸಗಳನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿ ಮಾಡಿದ ಪರೀಕ್ಷೆ ಅದು, ಮನುಷ್ಯರ ಮೇಲಿನದಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಎರಡು ಎಸಳು ಜಾಸ್ತಿ ಹಾಕಲು ನನಗಷ್ಟು ಸಾಕು.

ನಿಂಬೆಯ ಬಗ್ಗೆ ಮಾತ್ರ ಸ್ವಲ್ಪ ಕಟುವಾದ ಲೆಕ್ಕ ಹೇಳಬೇಕು. ಅರ್ಧ ಹೋಳು ಹಿಂಡಿದರೆ ಸಿಗುವ ರಸದಲ್ಲಿ ವಿಟಮಿನ್ ಸಿ ಇರುವುದು ಕೆಲವೇ ಮಿಲಿಗ್ರಾಂ. ನಿಂಬೆಯ ಹುಳಿಯೂ ಕಬ್ಬಿಣಕ್ಕೆ ನೆರವಾಗುತ್ತದೆ, ಬೇಡವೆನ್ನುವಂತಿಲ್ಲ, ಆದರೆ ಅದೊಂದೇ ಸಾಲದು. ಕುದಿಯುವ ಸಾರಿಗೆ ಹಿಂಡಿ ಮತ್ತೆ ಕುದಿಸಿದರೆ ಇರುವಷ್ಟೂ ಹಾಳು. ಇಲ್ಲಿ ಮುಂದೆ ಬರಬೇಕಾದ್ದು ಸೀಬೆಹಣ್ಣು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದಿನಕ್ಕೆ ಬೇಕೆನ್ನುವುದು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅರ್ಧ ಸೀಬೆ ಅದನ್ನು ದಾಟಿಸಿಬಿಡುತ್ತದೆ. ಬೀದಿಬದಿಯ ತಳ್ಳುಗಾಡಿಯಲ್ಲಿ ಉಪ್ಪುಖಾರ ಸವರಿ ಕೊಡುವ ಹಣ್ಣನ್ನು ಸಂಜೆ ನಾಲ್ಕಕ್ಕೆ ತಿನ್ನುವ ಬದಲು ಮಧ್ಯಾಹ್ನದ ಊಟದ ಹಿಂದೆಯೇ ತಿಂದರೆ, ಮುದ್ದೆ ಸೊಪ್ಪಿನ ಕಬ್ಬಿಣ ಹೆಚ್ಚು ದಕ್ಕುತ್ತದೆ. ಖರ್ಚು ಅಷ್ಟೇ, ಹಣ್ಣೂ ಅದೇ.

ಇದಕ್ಕೆ ತದ್ವಿರುದ್ಧವಾಗಿ ನಾವು ಮಾಡುವುದು ಊಟದ ಬೆನ್ನಿಗೇ ಕಾಫಿ, ಟೀ. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ರಾಗಿಯ ಟ್ಯಾನಿನ್ ಮಾಡುವ ಕೆಲಸವನ್ನೇ ಮಾಡುತ್ತವೆ, ಅದರಲ್ಲೂ ಟೀ ಜೋರು. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಇವೆರಡೂ ಬೇಡವೆಂದು ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಮೈಸೂರಿನವರಿಗೆ ಫಿಲ್ಟರ್ ಕಾಫಿ ಬಿಡಿ ಅನ್ನುವಷ್ಟು ಧೈರ್ಯ ನನಗಿಲ್ಲ. ಗಡಿಯಾರ ನೋಡಿ ಕುಡಿಯಿರಿ ಅಷ್ಟೇ. ಮನೆಯಲ್ಲಿ ರಕ್ತ ಕಡಿಮೆ ಇರುವ ಹೆಣ್ಣುಮಗಳೊಬ್ಬಳು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಂಡು, ತಟ್ಟೆ ಎತ್ತುವ ಮುಂಚೆಯೇ ಕಾಫಿಗೆ ಇಡುವುದನ್ನು ನೋಡಿದ್ದೀರಲ್ಲ, ಈ ಗಂಟೆಯ ನಿಯಮ ಮೊದಲು ಬೇಕಾಗಿರುವುದು ಆಕೆಗೆ. ಹೆಂಗಸರಿಗೆ ದಿನಕ್ಕೆ ಬೇಕೆನ್ನುವ ಕಬ್ಬಿಣ 29 ಮಿಲಿಗ್ರಾಂ, ಗಂಡಸರಿಗೆ 19. ಎರಡು ಮುದ್ದೆ, ಒಂದು ಹಿಡಿ ಹುರುಳಿ, ಒಂದು ಕಟ್ಟು ಸೊಪ್ಪು ಸೇರಿಸಿದರೂ ಅಂದಾಜು 16 ದಾಟುವುದಿಲ್ಲ. ಸಿಗುವುದೇ ಕಮ್ಮಿ ಇರುವಾಗ ಸಿಕ್ಕಿದ್ದನ್ನು ಕಾಫಿಗೆ ಒಪ್ಪಿಸುವುದು ಯಾತಕ್ಕೆ?

ಹುರುಳಿಗೆ ಮೊಳಕೆ ಬರಿಸುವ ಕಾಲ

ಹುರುಳಿ ಉಷ್ಣ, ಮಳೆಗಾಲ ಚಳಿಗಾಲಕ್ಕೇ ಸರಿ ಎನ್ನುತ್ತಾರೆ ನಮ್ಮ ಕಡೆ. ಉಷ್ಣದ ಮಾತು ಹಾಗಿರಲಿ, ಅದರ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನು, 7–8 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಸತು ಕೂಡ ಇದೆ. ಬೆಲೆಯಲ್ಲಿ ತೊಗರಿಬೇಳೆಯ ಮುಂದೆ ಬಡಪಾಯಿ. ಎತ್ತಿಗೂ ಕುದುರೆಗೂ ಹಾಕುವ ಕಾಳು ಎಂಬ ತಾತ್ಸಾರ ಪೇಟೆಯವರಲ್ಲಿ ಇನ್ನೂ ಹೋಗಿಲ್ಲ.

ರಾಗಿಯಲ್ಲಿ, ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಹುರುಳಿ, ಅವರೆ, ಅಲಸಂದೆಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿ ಚೆನ್ನಾಗಿದೆ. ಎರಡೂ ಒಂದೇ ತಟ್ಟೆಯಲ್ಲಿದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎಂಬುದು ಪೌಷ್ಟಿಕ ತಜ್ಞರ ಲೆಕ್ಕ. ಮುದ್ದೆಯ ಜೊತೆ ತಿಳಿಸಾರು ಮಾತ್ರ ಇದ್ದು ಕಾಳು ತಟ್ಟೆಗೇ ಬರದಿದ್ದರೆ ಈ ಹೊಂದಾಣಿಕೆ ಮುರಿಯುತ್ತದೆ. ಹುರುಳಿಕಟ್ಟಿನ ಸಾರು ರುಚಿಯೇ, ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿದಿರುತ್ತದೆ. ಹಿಂದೆ ಬೆಂದ ಹುರುಳಿ ದನದ ಬಾನಿಗೆ ಹೋಗಿ, ಕಟ್ಟು ಮಾತ್ರ ಮನೆಯವರಿಗೆ ಬರುತ್ತಿದ್ದುದುಂಟು. ಎತ್ತುಗಳು ಗಟ್ಟಿಮುಟ್ಟಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

55 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ತಲಾ ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆಯಿಂದ 14, ನೂರು ಗ್ರಾಂ ಅಕ್ಕಿಯ ಅನ್ನದಿಂದ 7–8, ನಲವತ್ತು ಗ್ರಾಂ ಹುರುಳಿಯಿಂದ 8–9, ಹಾಲು ಮೊಸರು ಸೇರಿ 300 ಮಿಲಿಲೀಟರ್‌ನಿಂದ 10. ಇಲ್ಲಿಗೆ 40ರ ಹತ್ತಿರ ಬಂತು. ಒಂದು ಮೊಟ್ಟೆಯೋ ಒಂದು ಹಿಡಿ ಕಡಲೇಕಾಯಿ ಬೀಜವೋ ಸೇರಿದರೆ ಲೆಕ್ಕ ಮುಟ್ಟಿತು. ಕಾಳು ಕೈಬಿಟ್ಟರೆ ಅಥವಾ ಹಾಲು ಕಾಫಿಗಷ್ಟೇ ಸೀಮಿತವಾದರೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೀವೇ ಕಳೆದು ನೋಡಿ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ದಿನಕ್ಕೊಂದು ಕಾಳಿನ ಉಸಲಿ ಮಾಡುತ್ತಾರಲ್ಲ, ಆ ಒಂಬತ್ತು ದಿನದ ಪದ್ಧತಿಯನ್ನು ದೀಪಾವಳಿವರೆಗೆ ಎಳೆದರೆ ಮಕ್ಕಳ ಸಂಜೆಯ ತಿಂಡಿಯ ಚಿಂತೆಯೂ ಹೋಗುತ್ತದೆ.

ಮೊಳಕೆ ಬರಿಸುವುದರಿಂದ ಆಗುವ ಲಾಭ ಎರಡು. ಕಾಳು ಚಿಗುರುವಾಗ ಅದರೊಳಗಿನ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯುತ್ತದೆ, ಕಬ್ಬಿಣದ ಹಿಡಿತ ಸಡಿಲವಾಗುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ಆದರೆ ಈ ಕಾಲದ ಥಂಡಿಯಲ್ಲಿ ಬೇಸಿಗೆಯ ಹಾಗೆ ಒಂದು ರಾತ್ರಿಗೆ ಮೊಳಕೆ ಬರುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಪಕ್ಕ ಇಡಬೇಕು. ಮಾರನೆಯ ದಿನ ಬೆಳಿಗ್ಗೆ ಬಿಚ್ಚಿದರೆ ಕಾಳಿನ ತುದಿಯಲ್ಲಿ ಬಿಳಿ ಮೂತಿ ಕಾಣುತ್ತದೆ, ಸಂಜೆಗೆ ಅರ್ಧ ಬೆರಳುಗಣ್ಣಿನಷ್ಟು ಉದ್ದ. ಹಗಲಲ್ಲಿ ಒಂದೆರಡು ಸಲ ಗಂಟನ್ನು ಬಿಚ್ಚಿ ತಣ್ಣೀರಲ್ಲಿ ಜಾಲಾಡಿಸದಿದ್ದರೆ ಲೋಳೆ ಕಟ್ಟುತ್ತದೆ, ಹುಳಿ ವಾಸನೆ ಬರುತ್ತದೆ. ಹಾಗೆ ಬಂದದ್ದನ್ನು ತೊಳೆದು ಬಳಸುವ ಜಾಣತನ ಬೇಡ, ಎಸೆಯುವುದೇ ಸರಿ. ಮೊಳಕೆಗೆ ಬೇಕಾದ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಕ್ಕೂ ಹಬ್ಬ. ಆದ್ದರಿಂದ ಹಸಿಯಾಗಿ ತಿನ್ನುವುದಕ್ಕಿಂತ ಸಾರಿಗೆ ಹಾಕಿ ಬೇಯಿಸುವ ನಮ್ಮ ಪದ್ಧತಿಯೇ ಮೇಲು, ಅದರಲ್ಲೂ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ.

ಸೊಪ್ಪು, ಎಣ್ಣೆ, ಎಳ್ಳು

ಮಳೆ ಹಿಡಿದ ಹೊಲದ ಬದುಗಳಲ್ಲಿ ಈಗ ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ ಎಲ್ಲವೂ ಎಳೆಯದಾಗಿ ಸಿಗುತ್ತವೆ. ಒಂದೊಂದು ಹಿಡಿ ಕಿತ್ತು ಮಾಡುವ ಬೆರಕೆ ಸೊಪ್ಪಿನ ಸಾರಿಗೆ ಸಾಟಿಯಿಲ್ಲ. ಕಳೆನಾಶಕ ಹೊಡೆದ ಕಬ್ಬಿನ ಗದ್ದೆಯ ಬದುವಿನಲ್ಲಿ ಮಾತ್ರ ಕೀಳಬೇಡಿ. ಪೇಟೆಯವರಿಗೆ ದೇವರಾಜ ಮಾರುಕಟ್ಟೆಯೋ ಮನೆ ಹತ್ತಿರದ ಸೊಪ್ಪಿನವರೋ ಇದ್ದಾರೆ. ನುಗ್ಗೆ ಸೊಪ್ಪಂತೂ ಯಾರದೋ ಕಾಂಪೌಂಡಿನಾಚೆ ಬಾಗಿರುತ್ತದೆ, ಕೇಳಿದರೆ ಕೊಡುತ್ತಾರೆ. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ, 6 ಗ್ರಾಂ ಪ್ರೋಟೀನು, ಜೊತೆಗೆ ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಕ್ಯಾರೋಟಿನ್ ಇದೆ.

ಕ್ಯಾರೋಟಿನ್ ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ತೂಕ ಇಳಿಸಬೇಕೆಂದು ಎಣ್ಣೆಯೇ ಇಲ್ಲದೆ ಸೊಪ್ಪು ಬೇಯಿಸಿ ತಿನ್ನುವವರಿಗೆ ಅದರ ಪೂರ್ತಿ ಫಲ ಸಿಗುವುದಿಲ್ಲ. ಒಂದು ಚಮಚ ಎಣ್ಣೆಯ ಒಗ್ಗರಣೆ ಅಥವಾ ಮೇಲೆ ಉದುರಿಸಿದ ಕಾಯಿತುರಿ ಸಾಕು. ಸಿಹಿಗುಂಬಳಕ್ಕೂ ಇದೇ ಮಾತು. ಹುಚ್ಚೆಳ್ಳು ಪುಡಿ ಮರೆತುಹೋಗುತ್ತಿರುವುದು ನನಗೆ ಬೇಸರದ ವಿಷಯ. ಹುರಿದ ಹುಚ್ಚೆಳ್ಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿಟ್ಟುಕೊಂಡರೆ ಪಲ್ಯಕ್ಕೆ ಕೊಬ್ಬೂ ಬಂತು, ಪ್ರೋಟೀನೂ ಬಂತು, ರುಚಿಯೂ ಬಂತು.

ನೆಲ್ಲಿ, ಅರಿಶಿನ, ಕಷಾಯ

ಉತ್ಥಾನ ದ್ವಾದಶಿಗೆ ತುಳಸಿ ಕಟ್ಟೆಯಲ್ಲಿ ನೆಲ್ಲಿ ಕೊಂಬೆ ನೆಡುವ ಹೊತ್ತಿಗೆ ಬೆಟ್ಟದ ನೆಲ್ಲಿ ಮಾರುಕಟ್ಟೆಗೆ ಬಂದಿರುತ್ತದೆ. ವಿಟಮಿನ್ ಸಿಯಲ್ಲಿ ಸೀಬೆಗೂ ಮಿಗಿಲು. ಅದನ್ನು ತಿಂದರೆ ನೆಗಡಿ ಬರುವುದಿಲ್ಲವೇ? ವಿಟಮಿನ್ ಸಿ ಮತ್ತು ನೆಗಡಿಯ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಕೋಕ್ರೇನ್ ಸಂಸ್ಥೆ ಮಾಡಿದ ವಿಮರ್ಶೆ ಇದಕ್ಕೆ ಉತ್ತರ ಕೊಡುತ್ತದೆ. ಸಾಮಾನ್ಯ ಜನರಲ್ಲಿ ದಿನಾ ಮಾತ್ರೆ ನುಂಗಿದರೂ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿ ಮಾತ್ರ ದೊಡ್ಡವರಲ್ಲಿ ಶೇ 8, ಮಕ್ಕಳಲ್ಲಿ ಶೇ 14ರಷ್ಟು ಬೇಗ ವಾಸಿಯಾಯಿತು. ಮೂಗು ಸೋರಲು ಶುರುವಾದ ಮೇಲೆ ನುಂಗಿದವರಿಗೆ ಖಚಿತ ಪ್ರಯೋಜನ ಕಾಣಲಿಲ್ಲ. ಒಂದು ಗುಂಪು ಮಾತ್ರ ಬೇರೆ: ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರಂಥವರಲ್ಲಿ ನೆಗಡಿಯೇ ಅರ್ಧಕ್ಕಿಳಿಯಿತು. ನಾವು ನೀವು ನೆಲ್ಲಿಕಾಯನ್ನು ತಿನ್ನಬೇಕಾದ್ದು ನೆಗಡಿಯ ಮದ್ದೆಂದಲ್ಲ, ಊಟದ ಭಾಗವೆಂದು. ನೆಲ್ಲಿಕಾಯಿ ತುರಿದು ಮೊಸರಿಗೆ ಹಾಕಿದ ಹಸಿ ಗೊಜ್ಜು ಮುದ್ದೆಗಲ್ಲದಿದ್ದರೂ ಅನ್ನಕ್ಕೆ ಚೆನ್ನ.

ಅರಿಶಿನದ ಹಾಲಿನ ಲೆಕ್ಕವೂ ನೋಡಬೇಕಾದ್ದೇ. ಅರಿಶಿನದ ಸಾರವಾದ ಕರ್ಕ್ಯುಮಿನ್ ಮೈಗೆ ಹತ್ತುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ, ಕರಿಮೆಣಸಿನ ಪೈಪರಿನ್ ಜೊತೆಗೆ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಎಲ್ಲರೂ ಹೇಳುವುದು ಇಷ್ಟನ್ನೇ. ಅವರು ಕೊಟ್ಟದ್ದು ಎರಡು ಗ್ರಾಂ ಶುದ್ಧ ಕರ್ಕ್ಯುಮಿನ್. ಹಾಲಿಗೆ ನಾವು ಹಾಕುವ ಅರ್ಧ ಗ್ರಾಂ ಅರಿಶಿನದಲ್ಲಿ ಅದು ಇರುವುದು ಸುಮಾರು 15 ಮಿಲಿಗ್ರಾಂ. ಅರಿಶಿನದ ಹಾಲು ಕುಡಿಯಿರಿ, ಬಿಸಿ ಹಾಲು ಗಂಟಲಿಗೆ ಹಿತ, ನಿದ್ದೆಯೂ ಬರುತ್ತದೆ. ಅದರಲ್ಲಿ ಪವಾಡ ಹುಡುಕಬೇಡಿ.

ಮೆಣಸಿನ ಸಾರಿಗೆ ಸ್ವಲ್ಪ ಹೆಚ್ಚು ಅಂಕ ಕೊಡಬಹುದು. ಬಿಸಿ ಆವಿ, ಖಾರ ಎರಡೂ ಸೇರಿ ಮೂಗಿನ ಲೋಳೆಯನ್ನು ನೀರಾಗಿಸಿ ಹರಿಸುತ್ತವೆ. ವೈರಸ್ ಸಾಯುವುದಿಲ್ಲ, ಉಸಿರಾಟ ಸಲೀಸಾಗುತ್ತದೆ. ಕಷಾಯದಲ್ಲಿ ಕೈ ಮಿತಿ ಇರಲಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ವಾರಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆ ವಾದ ತೀರುವವರೆಗೆ ಕಾಯದೆ, ಗಿಡಮೂಲಿಕೆಯೂ ಔಷಧವೇ, ಅಳತೆ ಮೀರಿದರೆ ತೊಂದರೆ ಕೊಡಬಹುದು ಎಂದಿಟ್ಟುಕೊಳ್ಳುವುದು ಕ್ಷೇಮ. ಕಷಾಯಕ್ಕೆ ಸುರಿಯುವ ಬೆಲ್ಲವೂ ಸಕ್ಕರೆಯ ಅಣ್ಣನೇ, ಮಂಡ್ಯದ ಆಲೆಮನೆಯದಾದರೂ ಸಕ್ಕರೆ ಕಾಯಿಲೆಯವರಿಗೆ ರಿಯಾಯಿತಿ ಇಲ್ಲ.

ಮಾಂಸ ತಿನ್ನುವವರಿಗೆ ದಾರಿ ಇನ್ನೂ ಹತ್ತಿರ. ಮಾಂಸದ ಕಬ್ಬಿಣವನ್ನು ಟ್ಯಾನಿನ್, ಫೈಟೇಟ್ ಅಷ್ಟಾಗಿ ತಡೆಯಲಾರವು. ಜೊತೆಗೆ ಒಂದೆರಡು ತುಂಡು ಮಾಂಸ ಅದೇ ತಟ್ಟೆಯ ಸೊಪ್ಪು ಕಾಳಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ. ಸತು, ಬಿ12 ಕೂಡ ಅಲ್ಲಿವೆ. ಪಕ್ಷದ ಹಬ್ಬದಲ್ಲಿ ಎಡೆಗಿಟ್ಟ ಬನ್ನೂರು ಕುರಿಯ ಮಾಂಸವನ್ನು ಒಂದೇ ದಿನ ಮೂಗಿನ ಮಟ್ಟ ತಿನ್ನುವುದಕ್ಕಿಂತ, ವಾರಕ್ಕೊಂದೆರಡು ಸಲ ಸ್ವಲ್ಪ ಸ್ವಲ್ಪ ಸೊಪ್ಪಿನ ಜೊತೆ ತಿಂದರೆ ಉಪಯೋಗ. ಗದ್ದೆ ಏಡಿ ಸಾರು ನೆಗಡಿಗೆ ರಾಮಬಾಣ ಎನ್ನುವವರಿದ್ದಾರೆ. ಏಡಿಯಲ್ಲಿ ಸತು ಇರುವುದು ನಿಜ, ಬಾಣದ ಮಾತು ಗೊತ್ತಿದ್ದವರಿಗೇ ಬಿಟ್ಟದ್ದು. ಮೊಸರು, ಮಜ್ಜಿಗೆ, ರಾಗಿ ಅಂಬಲಿ ಎಲ್ಲವೂ ಕರುಳಿಗೆ ಒಳ್ಳೆಯವು. ಧಾನ್ಯ, ಸೊಪ್ಪುಗಳ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಕೊಡುವ ಆಮ್ಲಗಳೇ ಕರುಳಿನ ಗೋಡೆಗೆ ಆಹಾರ, ಆ ಗೋಡೆಯಲ್ಲೇ ರಕ್ಷಣಾ ಕಣಗಳ ದೊಡ್ಡ ಠಿಕಾಣಿ ಇದೆ. ನೆಗಡಿಯಾದಾಗ ಮೊಸರು ಬಿಡಬೇಕೆಂಬ ನಿಯಮಕ್ಕೆ ಗಟ್ಟಿ ಆಧಾರವೇನೂ ಇಲ್ಲ. ತಣ್ಣಗಿದ್ದರೆ ಗಂಟಲು ಕೆರೆಯುತ್ತದೆ ಎನ್ನುವವರು ಮಜ್ಜಿಗೆ ಹುಳಿ ಮಾಡಿಕೊಳ್ಳಲಿ. ಇನ್ನು ವಿಟಮಿನ್ ಡಿ ನಮ್ಮ ಅಡುಗೆಮನೆಯಲ್ಲಿ ಸಿಗುವುದೇ ಅಪರೂಪ, ಮಳೆ ಬಿಟ್ಟ ಹೊತ್ತಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಇರುವುದೇ ದಾರಿ.

ಜ್ವರ ಬಂದಾಗ, ಬಿಟ್ಟಾಗ

ಈ ತಿಂಗಳುಗಳ ಜ್ವರ ಡೆಂಗಿಯೂ ಆಗಿರಬಹುದು. ಯಾವ ಸಾರೂ, ಪರಂಗಿ ಎಲೆಯ ರಸವೂ ರಕ್ತಪರೀಕ್ಷೆಯ ಬದಲಿಗೆ ನಿಲ್ಲುವುದಿಲ್ಲ. ಜ್ವರ ಇಳಿಯುವ ಹೊತ್ತಿಗೇ ಡೆಂಗಿ ಬಿಗಡಾಯಿಸುವುದುಂಟು. ಹೊಟ್ಟೆನೋವು, ಬಿಡದ ವಾಂತಿ, ಒಸಡು ಮೂಗಲ್ಲಿ ರಕ್ತ, ಮಂಕು ಕವಿಯುವುದು, ಇವು ಕಂಡರೆ ಆಸ್ಪತ್ರೆಗೆ ಓಡಬೇಕು. ಅಲ್ಲಿಯವರೆಗೆ ಗಂಜಿ, ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ತಿಳಿಸಾರು ಅಂತ ನೀರಿನಂಶ ಹೋಗುತ್ತಿರಲಿ. ಜ್ವರಕ್ಕೆ ಲಂಘನವೇ ಮದ್ದು ಎಂದು ಮಕ್ಕಳನ್ನು ಉಪವಾಸ ಕೆಡವಬೇಡಿ. ಖರ್ಚು ಹೆಚ್ಚಿರುವ ಹೊತ್ತದು.

ಮಗುವಿಗೆ ಜ್ವರ ಬಿಟ್ಟ ಮೇಲಿನ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣ್ಣಿಸಬೇಕು. ಕಳೆದುಕೊಂಡ ತೂಕ ಮರಳುವುದು ಆಗಲೇ. ಇದಕ್ಕೆ ಮೊಳಕೆ ರಾಗಿ ಹಿಟ್ಟು ಹೇಳಿ ಮಾಡಿಸಿದ್ದು. ಸಾದಾ ರಾಗಿ ಹಿಟ್ಟಿನ ಗಂಜಿ ಒಂದು ಚಮಚ ಹೆಚ್ಚಾದರೂ ಗಟ್ಟಿಯಾಗಿ ಮಗು ಉಗುಳುತ್ತದೆ. ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬಾ ನೀರೇ ಹೋಗುತ್ತದೆ. ರಾಗಿ ಮೊಳಕೆಯೊಡೆದಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ, ಹಾಗಾಗಿ ಅಷ್ಟೇ ಲೋಟಕ್ಕೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಕುಡಿಯುವ ಹದದಲ್ಲೇ ಉಳಿಯುತ್ತದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದದ್ದನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬೇರು ಉಜ್ಜಿ ಕೇರಿ, ಘಮ ಬರುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಹುರಿದು ಬೀಸಬೇಕು. ಕರಕಲಾಗುವಂತೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಗಂಜಿ ಮತ್ತೆ ಗಟ್ಟಿ. ಮಳೆ ಹಿಡಿದ ವಾರ ಬಿಸಿಲಿಲ್ಲದಿದ್ದರೆ ಫ್ಯಾನಿನ ಕೆಳಗೆ ತೆಳ್ಳಗೆ ಹರವಿ ಒಣಗಿಸಿ. ತೇವ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ, ಅದನ್ನು ಮಗುವಿಗೆ ಕೊಡುವಂತಿಲ್ಲ. ಸ್ವಲ್ಪ ಸ್ವಲ್ಪವೇ ಬೀಸಿಟ್ಟುಕೊಳ್ಳಿ. ಕುದಿಸುವಾಗ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಏರಿಸುತ್ತಾ ತಿರುವಿದರೆ ಗಂಟಾಗುವುದಿಲ್ಲ, ಕಿಣ್ವಕ್ಕೂ ಕೆಲಸ ಮಾಡಲು ಪುರುಸೊತ್ತು ಸಿಗುತ್ತದೆ. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ.